ಡಾಕ್ಟರ್ ಸುಭಾಷ ಮುಖೋಪಾಧ್ಯಾಯರು

ನಮ್ಮ ನಾಡಿನ ಯಾವ ದೊಡ್ಡ ಪಟ್ಟಣಕ್ಕೆ ಹೋದರೂ ಇಂದು ಸಂತಾನವಿಲ್ಲದ ದಂಪತಿಗಳಿಗಾಗಿ ತೆರೆದ ಚಿಕಿತ್ಸಾಲಯದ ಹಲಗೆಯೊಂದು ಕಣ್ಣಿಗೆ ಬೀಳುತ್ತದೆ. ದೇಹದ ಹೊರಗೆ, ಗಾಜಿನ ಬಟ್ಟಲಿನಲ್ಲಿ, ಅಂಡವನ್ನೂ ವೀರ್ಯಾಣುವನ್ನೂ ಕೂಡಿಸಿ, ಹಾಗೆ ಮೊಳೆತ ಭ್ರೂಣವನ್ನು ತಾಯಿಯ ಗರ್ಭಾಶಯದಲ್ಲಿ ನೆಲೆಗೊಳಿಸುವ ವಿದ್ಯೆಯಿಂದ ಜಗತ್ತಿನಲ್ಲಿ ಈವರೆಗೆ ಜನಿಸಿದ ಮಕ್ಕಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆಯೆಂದು ಬಲ್ಲವರು ಅಂದಾಜು ಮಾಡಿದ್ದಾರೆ. ನಮ್ಮ ವಾಚಕರಲ್ಲಿ ಕೆಲವರ ಬಂಧುಬಳಗದಲ್ಲಿಯೂ ಇಂಥ ಮಕ್ಕಳು ಆಡಿಕೊಂಡಿರಬಹುದು. ಪ್ರನಾಳ ಶಿಶುವೆಂದರೆ ಬೆರಗಾಗುತ್ತಿದ್ದ ಕಾಲ ಕಳೆದುಹೋಗಿದೆ. ಆದರೆ ಭರತಖಂಡದಲ್ಲಿ ಈ ವಿದ್ಯೆಯು ಮೊಟ್ಟಮೊದಲು ಫಲಿಸಿದ್ದು ಯಾರ ಕೈಯಲ್ಲಿ, ಆ ಕೈಗೆ ನಾವು ಕೊಟ್ಟ ಪ್ರತಿಫಲವೇನು ಎಂಬುದನ್ನು ನೆನೆಯುವವರು ಕಡಿಮೆ. ಆ ಪುರುಷರೇ ಕಲಕತ್ತೆಯ ಡಾಕ್ಟರ್ ಸುಭಾಷ ಮುಖೋಪಾಧ್ಯಾಯರು. ಬಂಗಾಳದಲ್ಲಿ ಅವರ ಹೆಸರು ಮನೆಮಾತು. ಅವರ ಬಾಳನ್ನು ಹೋಲುವ ಕಥೆಯುಳ್ಳ 'ಏಕ್ ಡಾಕ್ಟರ್ ಕೀ ಮೌತ್' ಎಂಬ ಹಿಂದಿ ಚಲಚ್ಚಿತ್ರವನ್ನು ನೋಡಿ ಕಣ್ಣೊರಸಿಕೊಂಡವರು ನಮ್ಮಲ್ಲಿಯೂ ಇದ್ದಾರೆ. ಆದರೆ ಕಥೆಯನ್ನು ನೋಡಿ ಮರುಗುವುದು ಬೇರೆ, ನಡೆದುದನ್ನು ತಿಳಿದು ಪಾಠ ಕಲಿಯುವುದು ಬೇರೆ. ಈ ಎರಡನೆಯದಕ್ಕಾಗಿ ಇಂದು ಅವರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಮುಖೋಪಾಧ್ಯಾಯರು 1931ನೆಯ ಇಸವಿ ಜನವರಿ 16ರಂದು ಹಜಾರಿಬಾಗಿನಲ್ಲಿ ಜನಿಸಿದರು. ಆಗ ಅದು ಬಿಹಾರ-ಒರಿಸ್ಸಾ ಪ್ರಾಂತಕ್ಕೆ ಸೇರಿತ್ತು. ಈಗ ಝಾರ್ಖಂಡ ರಾಜ್ಯದಲ್ಲಿದೆ. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರವನ್ನು ವಿಶೇಷ ವಿಷಯವಾಗಿ ಅಭ್ಯಾಸ ಮಾಡಿ, 1955ರಲ್ಲಿ ಅಲ್ಲಿನ ನ್ಯಾಷನಲ್ ಮೆಡಿಕಲ್ ಕಾಲೇಜಿನಿಂದ ವೈದ್ಯ ಪದವಿಯನ್ನು ಪಡೆದರು. ಪದವಿ ಪಡೆದ ವೈದ್ಯನು ನಾಲ್ಕು ಕಾಸು ಸಂಪಾದಿಸುವ ದಾರಿ ಹಿಡಿಯುವುದು ಲೋಕರೂಢಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇವರ ಮನಸ್ಸು ಒಂದು ಪ್ರಶ್ನೆಗೆ ಗಂಟುಬಿದ್ದಿತ್ತು. ಜೀವಿಯು ಜೀವಿಯನ್ನು ಹುಟ್ಟಿಸುವ ಕ್ರಮವನ್ನು ದೇಹದೊಳಗಿನ ಸೂಕ್ಷ್ಮ ಸ್ರಾವಗಳು ಹೇಗೆ ಆಳುತ್ತವೆ ಎಂಬುದೇ ಆ ಪ್ರಶ್ನೆ. 1958ರಲ್ಲಿ ಕಲಕತ್ತೆಯ ವಿಶ್ವವಿದ್ಯಾಲಯವು ಸಂತಾನೋತ್ಪತ್ತಿಯ ಶರೀರಕ್ರಿಯೆಯನ್ನು ಕುರಿತ ಅವರ ಪ್ರಬಂಧಕ್ಕೆ ಡಾಕ್ಟರೇಟನ್ನು ಕೊಟ್ಟಿತು. ಅಷ್ಟಕ್ಕೆ ತೃಪ್ತರಾಗದೆ ಅವರು ಸ್ಕಾಟ್ಲೆಂಡಿಗೆ ಹೋಗಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹಾರ್ಮೋನುಗಳ ವಿಷಯವಾಗಿ ಸಂಶೋಧನೆ ನಡೆಸಿ, 1967ರಲ್ಲಿ ಎರಡನೆಯ ಡಾಕ್ಟರೇಟನ್ನು ಸಂಪಾದಿಸಿದರು. ಅಲ್ಲಿಯೇ ನಿಂತಿದ್ದರೆ ಅವರಿಗೆ ಪ್ರಯೋಗಶಾಲೆಗೂ ಸಂಬಳಕ್ಕೂ ಕೊರತೆಯಾಗುತ್ತಿರಲಿಲ್ಲವೆಂಬುದು ಸ್ಪಷ್ಟ. ಅವರು ನಿಲ್ಲಲಿಲ್ಲ. ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿ, ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿಯನ್ನು ಕೈಗೊಂಡರು.

ಅವರು ಕೈಗೊಂಡ ಕಾರ್ಯದ ಹಿರಿಮೆಯು ಮನವರಿಕೆಯಾಗಬೇಕಾದರೆ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಸ್ತ್ರೀಯ ಅಂಡಾಶಯದಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಒಂದೇ ಒಂದು ಅಂಡವು ಪಕ್ವವಾಗುತ್ತದೆ. ಅದು ಗರ್ಭಾಶಯಕ್ಕೆ ಸೇರುವ ನಾಳದಲ್ಲಿ ವೀರ್ಯಾಣುವಿನೊಡನೆ ಕೂಡಿದರೆ ಗರ್ಭವು ನಿಲ್ಲುತ್ತದೆ. ಆ ನಾಳವು ರೋಗದಿಂದ ಮುಚ್ಚಿಹೋದ ಸ್ತ್ರೀಗೆ ಉಳಿದೆಲ್ಲವೂ ಸರಿಯಾಗಿದ್ದರೂ ತಾಯಿಯಾಗುವ ಯೋಗವಿಲ್ಲ. ಹಿಂದಿನ ಕಾಲದಲ್ಲಿ ಅಂಥವಳಿಗೆ ವ್ರತನೇಮಗಳೂ ನೆರೆಹೊರೆಯವರ ಬಿರುನುಡಿಯೂ ಮಾತ್ರ ಉಳಿಯುತ್ತಿದ್ದವು. ಮುಚ್ಚಿದ ಆ ನಾಳವನ್ನು ಬಳಸಿ ಹೋಗುವ ಬೇರೊಂದು ದಾರಿಯನ್ನು ತೋರಿಸುವುದೇ ಈ ವಿದ್ಯೆಯ ಉದ್ದೇಶವಾಗಿತ್ತು. ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಎಂಬ ವಿದ್ವಾಂಸರೂ ಜೀನ್ ಪರ್ಡಿ ಎಂಬ ಮಹಿಳೆಯೂ ಅನೇಕ ವರ್ಷ ಶ್ರಮಿಸಿದರು. ತಾನಾಗಿ ಪಕ್ವವಾದ ಒಂದೇ ಅಂಡವನ್ನು ಹೊಟ್ಟೆಯ ಮೂಲಕ ಕೊಳವೆಯಂಥ ಯಂತ್ರವನ್ನು ಇಳಿಸಿ ತೆಗೆದು, ಹೊರಗೆ ಫಲಿಸುವಂತೆ ಮಾಡಿ, ಎರಡು ಮೂರು ದಿನಗಳಲ್ಲಿಯೇ ಗರ್ಭಾಶಯಕ್ಕೆ ಸೇರಿಸುವುದು ಅವರಿಗೆ ಯಶಸ್ಸನ್ನು ತಂದ ಕ್ರಮವಾಗಿತ್ತು. 1978ರ ಜುಲೈ 25ರಂದು ಓಲ್ಡಮ್ ಪಟ್ಟಣದಲ್ಲಿ ಜಗತ್ತಿನ ಮೊದಲನೆಯ ಪ್ರನಾಳ ಶಿಶು ಜನಿಸಿತು.

ಇತ್ತ ಕಲಕತ್ತೆಯಲ್ಲಿ ಮುಖೋಪಾಧ್ಯಾಯರು ಹಿಡಿದ ದಾರಿ ಬೇರೆ. ಅವರಿಗೆ ಸಹಾಯಕರಾದವರು ಇಬ್ಬರು. ಜಾದವಪುರ ವಿಶ್ವವಿದ್ಯಾಲಯದಲ್ಲಿ ಶೈತ್ಯಶಾಸ್ತ್ರವನ್ನು ಬಲ್ಲವರಾಗಿದ್ದ ಸುನೀತ ಮುಖರ್ಜಿಯವರು ಒಬ್ಬರು; ಸ್ತ್ರೀರೋಗತಜ್ಞರಾದ ಡಾಕ್ಟರ್ ಸರೋಜಕಾಂತಿ ಭಟ್ಟಾಚಾರ್ಯರು ಇನ್ನೊಬ್ಬರು. ಈ ಮೂವರು ಮೊದಲು ಮಾಡಿದ್ದೇನೆಂದರೆ, ತಿಂಗಳಿಗೆ ಒಂದೇ ಅಂಡವೆಂಬ ಪ್ರಕೃತಿಯ ಮಿತಿಯನ್ನು ದಾಟಿದುದು. ಮುಟ್ಟು ನಿಂತ ಸ್ತ್ರೀಯರ ಮೂತ್ರದಿಂದ ಬೇರ್ಪಡಿಸಿದ ಹಾರ್ಮೋನನ್ನು ಚುಚ್ಚಿ, ಒಂದೇ ಸಲಕ್ಕೆ ಹಲವು ಅಂಡಗಳು ಪಕ್ವವಾಗುವಂತೆ ಮಾಡಿದರು. ಎರಡನೆಯದಾಗಿ, ಹೊಟ್ಟೆಯನ್ನು ಕೊಯ್ಯದೆ, ಯೋನಿಮಾರ್ಗದಲ್ಲಿ ಸಣ್ಣ ಸೀಳೊಂದನ್ನು ಮಾಡಿ ಅಲ್ಲಿಂದಲೇ ಅಂಡಗಳನ್ನು ತೆಗೆದರು. ಮೂರನೆಯದು ಎಲ್ಲಕ್ಕಿಂತ ಸಾಹಸದ್ದು. ಹೊರಗೆ ಬೆಳೆದ ಭ್ರೂಣವನ್ನು ಕೂಡಲೇ ಗರ್ಭಾಶಯಕ್ಕೆ ಸೇರಿಸದೆ, ಅದನ್ನು ಘನೀಭವಿಸಿ 53 ದಿವಸ ಕಾಪಾಡಿಟ್ಟು, ಆಮೇಲೆ ಕರಗಿಸಿ ತಾಯಿಯ ಗರ್ಭದಲ್ಲಿ ನೆಲೆಗೊಳಿಸಿದರು.

ಈ ಮೂರನೆಯ ಉಪಾಯದಲ್ಲಿ ಎರಡು ತಿಳಿವಳಿಕೆಗಳು ಅಡಗಿವೆ. ಅಂಡಗಳನ್ನು ಹೆಚ್ಚಿಸಲು ಕೊಟ್ಟ ಹಾರ್ಮೋನಿನಿಂದ ಗರ್ಭಾಶಯದ ಒಳಪದರವೂ ಕದಡಿರುತ್ತದೆ. ಉತ್ತ ಕೂಡಲೇ ಮಳೆ ನೀರು ನಿಂತ ಹೊಲದಲ್ಲಿ ಬಿತ್ತುವವನಂತೆ ಆ ತಿಂಗಳಲ್ಲಿಯೇ ಭ್ರೂಣವನ್ನು ಇಟ್ಟರೆ ಅದು ಬೇರೂರುವ ಸಂಭವ ಕಡಿಮೆ. ದೇಹವು ತನ್ನ ಸಹಜ ಸ್ಥಿತಿಗೆ ಮರಳುವವರೆಗೆ ಕಾಯಬೇಕು. ಇದು ಮೊದಲನೆಯದು. ಕಾಯಬೇಕಾದರೆ ಭ್ರೂಣವನ್ನು ಕೆಡದಂತೆ ಇಡಬೇಕು. ಆದರೆ ತಣಿಸಿದಾಗ ಜೀವಕೋಶದೊಳಗಿನ ನೀರು ಹರಳುಗಟ್ಟಿ ಕೋಶವನ್ನೇ ಒಡೆಯುತ್ತದೆ. ಅದನ್ನು ತಡೆಯುವುದಕ್ಕೆ ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರವವನ್ನು ಬಳಸಿ, ನಿಧಾನವಾಗಿ ತಣಿಸುತ್ತ ಹೋಗಬೇಕು. ಇದು ಎರಡನೆಯದು. ಮುಖೋಪಾಧ್ಯಾಯರು ಮನೆಯ ಶೀತಪೆಟ್ಟಿಗೆಯಲ್ಲಿ ಮಗುವನ್ನು ಸೃಷ್ಟಿಸಿದರೆಂಬ ಮಾತು ಜನರ ಬಾಯಲ್ಲಿ ಓಡಾಡುತ್ತದೆ. ಅವರ ಸಲಕರಣೆಗಳು ಬಡವಾಗಿದ್ದುದು ನಿಜ. ಆದರೆ ಮನೆಯ ಪೆಟ್ಟಿಗೆಯ ತಂಪಿನಲ್ಲಿ ಭ್ರೂಣವು ಉಳಿಯಲಾರದು. ಶೈತ್ಯಶಾಸ್ತ್ರವನ್ನು ಬಲ್ಲವರೊಬ್ಬರು ಜೊತೆಗಿದ್ದುದು ಈ ಕಾರಣದಿಂದಲೇ. ಅವರ ಕಾರ್ಯವು ಪವಾಡವಲ್ಲ, ಕ್ರಮಬದ್ಧವಾದ ವಿದ್ಯೆ. ಇಲಿಯ ಭ್ರೂಣವನ್ನು ಇದೇ ದ್ರವದಿಂದ ಘನೀಭವಿಸಿ ಬದುಕಿಸುವ ಪ್ರಯೋಗವು 1972ರಲ್ಲಿಯೇ ಪಾಶ್ಚಾತ್ಯ ದೇಶಗಳಲ್ಲಿ ಫಲಿಸಿ ಪ್ರಕಟವಾಗಿತ್ತು. ಮನುಷ್ಯರಲ್ಲಿ ಅದನ್ನು ಸಾಧಿಸುವ ಧೈರ್ಯವು ಕಲಕತ್ತೆಯ ಈ ಮೂವರಿಗೆ ಬಂದಿತು.

1978ರ ಅಕ್ಟೋಬರ್ 3ರಂದು, ಇಂಗ್ಲೆಂಡಿನ ಶಿಶು ಜನಿಸಿದ ಎಪ್ಪತ್ತನೆಯ ದಿನ, ಕಲಕತ್ತೆಯಲ್ಲಿ ಹೆಣ್ಣು ಮಗುವೊಂದು ಜನಿಸಿತು. ಶರನ್ನವರಾತ್ರಿಯ ಕಾಲ. ಊರೆಲ್ಲ ದೇವಿಯ ಪೂಜೆಗೆ ಸಿದ್ಧವಾಗುತ್ತಿತ್ತು. ಮಗುವಿಗೆ ದುರ್ಗಾ ಎಂಬ ಹೆಸರಾಯಿತು. ಜಗತ್ತಿನಲ್ಲಿ ಎರಡನೆಯದು, ಭಾರತದಲ್ಲಿ ಮೊದಲನೆಯದು. ಘನೀಭವಿಸಿದ ಭ್ರೂಣದಿಂದ ಬೆಳೆದ ಮಗುವೆಂದರೆ ಜಗತ್ತಿನಲ್ಲಿಯೇ ಮೊದಲನೆಯದು.

ಇನ್ನು ಮುಂದಿನದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಸುದ್ದಿಯು ಪತ್ರಿಕೆಗಳಲ್ಲಿ ಹಬ್ಬಿತು. ಊರು ಕೊಂಡಾಡಿತು, ಆಮೇಲೆ ಅನುಮಾನಿಸಿತು, ಕಡೆಗೆ ನಕ್ಕಿತು. ಮುಖೋಪಾಧ್ಯಾಯರು ಸರಕಾರಿ ನೌಕರರಾಗಿದ್ದುದರಿಂದ ಆರೋಗ್ಯ ಇಲಾಖೆಯವರು ವಿವರಣೆಯನ್ನು ಕೇಳಿದರು. ಅವರು ಅಕ್ಟೋಬರಿನಲ್ಲಿಯೇ ವರದಿಯನ್ನು ಒಪ್ಪಿಸಿದರು. ನವೆಂಬರಿನಲ್ಲಿ ವಿಚಾರಣಾ ಸಮಿತಿಯೊಂದು ಅವರನ್ನು ಎದುರಿಗೆ ಕೂರಿಸಿ ಪ್ರಶ್ನಿಸಿತು. ಆ ಸಮಿತಿಯ ಅಧ್ಯಕ್ಷರು ವಿಕಿರಣ ಭೌತಶಾಸ್ತ್ರವನ್ನು ಬಲ್ಲವರು. ಸದಸ್ಯರಲ್ಲಿ ಸ್ತ್ರೀರೋಗತಜ್ಞರಿದ್ದರು, ನರರೋಗತಜ್ಞರಿದ್ದರು, ಮನಶ್ಶಾಸ್ತ್ರಜ್ಞರಿದ್ದರು. ತಂತಮ್ಮ ವಿಷಯಗಳಲ್ಲಿ ಅವರು ಎಷ್ಟೇ ಯೋಗ್ಯರಾಗಿರಲಿ, ದೇಹದ ಹೊರಗೆ ಅಂಡವನ್ನು ಫಲಿಸುವ ಕೆಲಸವನ್ನಾಗಲಿ ಭ್ರೂಣವನ್ನು ಘನೀಭವಿಸುವ ಕೆಲಸವನ್ನಾಗಲಿ ಕೈಯಾರೆ ಮಾಡಿ ಬಲ್ಲವರು ಆ ಸಭೆಯಲ್ಲಿ ಇರಲಿಲ್ಲ. ಮಗುವಿನ ತಾಯಿತಂದೆಗಳು ಲೋಕಾಪವಾದಕ್ಕೆ ಅಂಜಿ ತಮ್ಮ ಹೆಸರು ಹೊರಬೀಳದಿರಲಿ ಎಂದು ಬೇಡಿದ್ದರು. ವೈದ್ಯರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಸಮಿತಿಯು ಅವರ ಹೇಳಿಕೆಯನ್ನು ನಂಬಲರ್ಹವಲ್ಲವೆಂದು ತೀರ್ಮಾನಿಸಿತು.

ಇಲ್ಲಿ ನ್ಯಾಯವಾಗಿ ನಾವು ಒಂದು ಮಾತನ್ನು ಹೇಳಬೇಕು. ಸಂದೇಹಪಟ್ಟದ್ದು ಅಪರಾಧವಲ್ಲ. ಅಪೂರ್ವವಾದ ಸಂಗತಿಯನ್ನು ಹೇಳುವವನಿಂದ ಅಪೂರ್ವವಾದ ಪ್ರಮಾಣವನ್ನು ಕೇಳುವುದು ಶಾಸ್ತ್ರದ ಧರ್ಮ. ಮುಖೋಪಾಧ್ಯಾಯರ ಬರಹವು ಶೈತ್ಯಶಾಸ್ತ್ರಕ್ಕೆ ಮೀಸಲಾದ ಭಾರತೀಯ ಪತ್ರಿಕೆಯೊಂದರಲ್ಲಿ, ಅದೂ ಸಂಕ್ಷೇಪವಾಗಿ ಬಂದಿತೇ ಹೊರತು ಜಗತ್ತಿನ ವೈದ್ಯರೆಲ್ಲ ಓದುವ ಪತ್ರಿಕೆಗಳಲ್ಲಿ ಬರಲಿಲ್ಲ. ವಿದ್ವತ್ಸಭೆಗೆ ಮುಂಚೆ ಸುದ್ದಿಯು ವೃತ್ತಪತ್ರಿಕೆಗಳನ್ನು ಸೇರಿತು. ಇವು ಕೊರತೆಗಳೇ ಸರಿ. ಆದರೆ ಸಂದೇಹವು ಪ್ರಾಮಾಣಿಕವಾದುದಾಗಿದ್ದರೆ, ಅದನ್ನು ಪರಿಹರಿಸುವ ದಾರಿಯನ್ನು ತೆರೆದಿಡಬೇಕಾಗಿತ್ತು. ನಡೆದದ್ದು ಅದರ ವಿಪರೀತ. 1979ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದವರು ತಮ್ಮ ಖರ್ಚಿನಲ್ಲಿಯೇ ಬಂದು ಈ ಕಾರ್ಯವನ್ನು ವಿವರಿಸಬೇಕೆಂದು ಅವರನ್ನು ಆಹ್ವಾನಿಸಿದರು. ಆ ವಿಷಯವನ್ನು ಬಲ್ಲವರ ಮುಂದೆ ತಮ್ಮ ಪ್ರಮಾಣಗಳನ್ನು ಇಡುವುದಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭವೆಲ್ಲಿ? ಸರಕಾರವು ಅವರಿಗೆ ಹೋಗಲು ಅನುಮತಿಯನ್ನು ಕೊಡಲಿಲ್ಲ. ನಂಬುವುದಿಲ್ಲವೆಂದವರೇ ನಂಬಿಸುವ ಅವಕಾಶವನ್ನೂ ಕಿತ್ತುಕೊಂಡರು.

ಇಂಗ್ಲೆಂಡಿನಲ್ಲಿಯೂ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಅವರಿಗೆ ಹೂವಿನ ಹಾಸಿಗೆ ಇರಲಿಲ್ಲ. 1971ರಲ್ಲಿ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಅವರಿಗೆ ದ್ರವ್ಯಸಹಾಯವನ್ನು ನಿರಾಕರಿಸಿತು. ಧರ್ಮಗುರುಗಳೂ ಸಹೋದ್ಯೋಗಿಗಳೂ ಟೀಕಿಸಿದರು. ಆದರೆ ಹಣ ಕೊಡದವರು ಅವರ ಕೈಕಟ್ಟಲಿಲ್ಲ. ಖಾಸಗಿ ದಾನಿಗಳ ನೆರವಿನಿಂದ ಸಣ್ಣ ಆಸ್ಪತ್ರೆಯೊಂದರಲ್ಲಿ ಅವರು ಕೆಲಸವನ್ನು ಮುಂದುವರಿಸಿದರು. ಸಭೆಗಳಲ್ಲಿ ಮಾತನಾಡಿದರು, ಪತ್ರಿಕೆಗಳಲ್ಲಿ ಬರೆದರು, ವಾದಿಸಿದರು, ಗೆದ್ದರು. 2010ರಲ್ಲಿ ಎಡ್ವರ್ಡ್ಸ್ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಎರಡು ದೇಶಗಳ ನಡುವಣ ಅಂತರವು ಬುದ್ಧಿಯಲ್ಲಿರಲಿಲ್ಲ, ಸಲಕರಣೆಯಲ್ಲಿಯೂ ಅಷ್ಟಾಗಿ ಇರಲಿಲ್ಲ. ಕೆಲಸ ಮಾಡುವವನನ್ನು ಅವನ ಪಾಡಿಗೆ ಬಿಡುವ ಸಂಯಮದಲ್ಲಿತ್ತು.

ಮುಖೋಪಾಧ್ಯಾಯರ ದೇಹವು ಈ ಏಟನ್ನು ತಾಳಲಿಲ್ಲ. ಹೃದಯಾಘಾತವಾಯಿತು. ಆ ಮೇಲೆ 1981ರಲ್ಲಿ ವರ್ಗದ ಆಜ್ಞೆಯೊಂದು ಬಂದಿತು. ಎಲ್ಲಿಗೆಂದರೆ, ಕಣ್ಣಿನ ಸಂಸ್ಥೆಗೆ. ಹಾರ್ಮೋನುಗಳ ಶಾಸ್ತ್ರದಲ್ಲಿ ಎರಡು ಡಾಕ್ಟರೇಟುಗಳನ್ನು ಪಡೆದ ಪ್ರಾಧ್ಯಾಪಕರನ್ನು ನೇತ್ರರೋಗದ ಸಂಸ್ಥೆಯಲ್ಲಿ ಕೂರಿಸಿದರೆ ಅವರ ಸಂಶೋಧನೆಯ ಗತಿಯೇನೆಂಬುದನ್ನು ತಿಳಿಯಲು ವಿಶೇಷ ಪಾಂಡಿತ್ಯ ಬೇಕಿಲ್ಲ. ಕಡತದಲ್ಲಿ ಅದು ಸಾಧಾರಣವಾದ ಒಂದು ಹಾಳೆ. ಸಹಿ ಹಾಕಿದವರು ಆ ದಿನ ಅಂಥ ಇನ್ನೆಷ್ಟು ಹಾಳೆಗಳಿಗೆ ಸಹಿ ಹಾಕಿದ್ದರೋ. ಆಜ್ಞೆ ಬಂದ ಕೆಲವೇ ವಾರಗಳಲ್ಲಿ, ತಮ್ಮ ಐವತ್ತನೆಯ ವಯಸ್ಸಿನಲ್ಲಿ, ಡಾಕ್ಟರ್ ಸುಭಾಷ ಮುಖೋಪಾಧ್ಯಾಯರು ತಮ್ಮ ಕೈಯಿಂದಲೇ ತಮ್ಮ ಪ್ರಾಣವನ್ನು ನೀಗಿಕೊಂಡರು. ಪತ್ನಿ ನಮಿತಾ ದೇವಿಯವರು ದುಃಖವನ್ನೂ ಪತಿಯ ಹೆಸರಿಗಂಟಿದ ಕಳಂಕವನ್ನೂ ಹೊತ್ತು ಉಳಿದರು.

ಅವರು ಹೋದರು; ಅವರ ವಿದ್ಯೆಯು ಬೇರೆ ನಾಡುಗಳಲ್ಲಿ ಒಂದೊಂದಾಗಿ ಮರುಹುಟ್ಟು ಪಡೆಯಿತು. ಅವರು ತೀರಿಹೋದ ವರ್ಷದ ಡಿಸೆಂಬರಿನಲ್ಲಿ, ಅಮೆರಿಕದ ಮೊದಲ ಪ್ರನಾಳ ಶಿಶು ಹುಟ್ಟಿದ್ದು ಹಾರ್ಮೋನಿನಿಂದ ಅಂಡಗಳನ್ನು ಹೆಚ್ಚಿಸುವ ಕ್ರಮದಿಂದಲೇ. 1984ರಲ್ಲಿ ಆಸ್ಟ್ರೇಲಿಯದಲ್ಲಿ ಘನೀಭವಿಸಿದ ಭ್ರೂಣದಿಂದ ಮಗುವೊಂದು ಹುಟ್ಟಿದಾಗ ಜಗತ್ತು ಅದನ್ನೇ ಮೊದಲನೆಯದೆಂದು ದಾಖಲು ಮಾಡಿಕೊಂಡಿತು. ಯೋನಿಮಾರ್ಗದಿಂದ ಅಂಡಗಳನ್ನು ತೆಗೆಯುವುದು, ಈಗ ಧ್ವನಿತರಂಗಗಳ ಚಿತ್ರವನ್ನು ನೋಡುತ್ತ ಸೂಜಿಯ ಸಹಾಯದಿಂದ, ಎಲ್ಲ ಕಡೆಯೂ ರೂಢಿಯಾಗಿದೆ. ನಿಧಾನವಾಗಿ ತಣಿಸುವ ಬದಲು ಕ್ಷಣಮಾತ್ರದಲ್ಲಿ ಗಾಜಿನಂತೆ ಗಟ್ಟಿಯಾಗಿಸುವ ಹೊಸ ವಿಧಾನದಿಂದ ಭ್ರೂಣಗಳು ಮುಂಚಿಗಿಂತ ಹೆಚ್ಚಾಗಿ ಉಳಿಯುತ್ತವೆ. ಭ್ರೂಣಗಳನ್ನೆಲ್ಲ ಮೊದಲು ಘನೀಭವಿಸಿಟ್ಟು, ದೇಹವು ಸಹಜ ಸ್ಥಿತಿಗೆ ಬಂದ ಮೇಲೆ ಇಡುವ ಪದ್ಧತಿಯನ್ನು ಅನೇಕ ವೈದ್ಯರು ಇಂದು ಅನುಸರಿಸುತ್ತಾರೆ. ಕ್ಯಾನ್ಸರ್ ಚಿಕಿತ್ಸೆಗೆ ಒಳಗಾಗಬೇಕಾದ ತರುಣಿಯರು ಮುಂದೆ ತಾಯಿಯಾಗುವ ಆಸೆಯನ್ನು ಉಳಿಸಿಕೊಳ್ಳುವುದೂ ಇದೇ ಶೈತ್ಯವಿದ್ಯೆಯಿಂದ. ಹೊಸ ಶೋಧನೆಗಳೆಂದು ನಾವು ಹೊಗಳುವ ಇವುಗಳ ಮೂಲಸೂತ್ರಗಳು ಕಲಕತ್ತೆಯ ಆ ಬಡ ಪ್ರಯೋಗಶಾಲೆಯಲ್ಲಿ 1978ರಲ್ಲಿಯೇ ಕೂಡಿಬಂದಿದ್ದವು.

ಅವರ ಹೆಸರಿನ ಮೇಲಿನ ಕಳಂಕವು ತೊಳೆದುಹೋದ ಬಗೆಯನ್ನು ಕನ್ನಡಿಗರು ವಿಶೇಷವಾಗಿ ತಿಳಿಯತಕ್ಕದ್ದು. ಏಕೆಂದರೆ ಆ ಕಾರ್ಯದಲ್ಲಿ ನಮ್ಮ ಬೆಂಗಳೂರಿಗೂ ಪಾಲುಂಟು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ ಅವರೂ ಡಾಕ್ಟರ್ ಟಿ. ಸಿ. ಆನಂದಕುಮಾರರೂ ಕೂಡಿ ಸಾಧಿಸಿದ ಪ್ರನಾಳ ಶಿಶುವನ್ನು ದೇಶದ ಮೊದಲನೆಯದೆಂದು ಸರಕಾರವೂ ಜನವೂ ಒಪ್ಪಿದ್ದರು. ಆ ಕೀರ್ತಿಯು ಆನಂದಕುಮಾರರ ಕೊರಳಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಶೋಭಿಸಿತು. 1997ರಲ್ಲಿ ಅವರು ಕಲಕತ್ತೆಗೆ ಹೋಗಿದ್ದಾಗ ಮುಖೋಪಾಧ್ಯಾಯರ ಕೈಬರಹದ ಕಾಗದಗಳು ಅವರ ಕೈಸೇರಿದವು. ಅವುಗಳನ್ನು ಓದಿದರು, ತಾಳೆ ನೋಡಿದರು, ಬದುಕಿದ್ದ ಸಹಕಾರಿಗಳನ್ನು ವಿಚಾರಿಸಿದರು. ಮನವರಿಕೆಯಾದ ಮೇಲೆ ಸುಮ್ಮನಿರಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ತಾವಲ್ಲ, ಸುಭಾಷ ಮುಖೋಪಾಧ್ಯಾಯರೆಂದು ಬರೆದು ಪ್ರಕಟಿಸಿದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಸತ್ತವನ ಸಮಾಧಿಯ ಮೇಲಿಟ್ಟ ದೃಷ್ಟಾಂತಗಳು ವಿದ್ವಾಂಸರ ಚರಿತ್ರೆಯಲ್ಲಿ ಹೆಚ್ಚಿಲ್ಲ. ಕೇಳಿದವರಾರೂ ಇರಲಿಲ್ಲ; ಮೌನವಾಗಿದ್ದರೆ ಕೀರ್ತಿಗೆ ಚ್ಯುತಿಯೂ ಇರಲಿಲ್ಲ. ಆನಂದಕುಮಾರರಿಗೆ ಸತ್ಯವು ಕೀರ್ತಿಗಿಂತ ದೊಡ್ಡದಾಗಿ ತೋರಿತು. ಮುಂದೆ 2003ರಲ್ಲಿ, ಇಪ್ಪತ್ತೈದು ವರ್ಷ ತುಂಬಿದ ದುರ್ಗಾ ತಾನಾಗಿಯೇ ಸಭೆಯ ಮುಂದೆ ಬಂದು ತನ್ನ ಜನ್ಮವೃತ್ತಾಂತವನ್ನು ಹೇಳಿಕೊಂಡಳು. ವೈದ್ಯರು ಬದುಕಿದ್ದಾಗ ತೋರಿಸಲಾರದೆ ಹೋದ ಪ್ರಮಾಣವು ಹೀಗೆ ನಡೆದು ಬಂದು ವೇದಿಕೆಯ ಮೇಲೆ ನಿಂತಿತು. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ ಅವರ ಸಾಧನೆಯು ದಾಖಲಾಯಿತು.

ಪರರ ಆಳ್ವಿಕೆಯಿದ್ದಾಗ ನಮ್ಮವರ ಪ್ರತಿಭೆ ಮುದುಡಿದರೆ ದೊರೆಗಳನ್ನು ದೂರುತ್ತಿದ್ದೆವು. ದೂರಲು ಕಾರಣವೂ ಇತ್ತು. ಮುಖೋಪಾಧ್ಯಾಯರಿಗೆ ವಿಚಾರಣೆ ನಡೆಸಿದವರು ನಮ್ಮವರು, ಅನುಮತಿ ನಿರಾಕರಿಸಿದವರು ನಮ್ಮವರು, ವರ್ಗದ ಹಾಳೆಗೆ ಸಹಿ ಹಾಕಿದವರೂ ನಮ್ಮವರೇ. ಗಾಂಧಾರಿಯ ನೂರೊಂದು ಕುಂಭಗಳ ಕಥೆಯನ್ನು ಮುಂದಿಟ್ಟು ಈ ವಿದ್ಯೆಯು ನಮ್ಮ ಪೂರ್ವಿಕರಿಗೇ ತಿಳಿದಿತ್ತೆಂದು ಹೆಮ್ಮೆಪಡುವವರು ಇಂದೂ ಇದ್ದಾರೆ. ಭಾರತದ ಕಥೆಯಲ್ಲಿ ನಮಗೂ ಭಕ್ತಿಯುಂಟು; ಬಾಲ್ಯದಲ್ಲಿ ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಅದನ್ನು ಕೇಳಿದವರೇ ನಾವು. ಆದರೆ ಕುಂಭಗಳ ಹೆಮ್ಮೆಯಲ್ಲಿ ಮೈಮರೆತು, ನಮ್ಮ ಕಣ್ಣೆದುರಿಗೇ ಆ ಕಾರ್ಯವನ್ನು ಮಾಡಿ ತೋರಿಸಿದ ಮನುಷ್ಯನನ್ನು ಸುಳ್ಳನೆಂದು ಕರೆದುದಕ್ಕೆ ಯಾವ ಪುರಾಣವೂ ಪರಿಹಾರವನ್ನು ಹೇಳಿಲ್ಲ. ದೇಶಾಭಿಮಾನವೆಂಬುದು ಸತ್ತ ಹಿರಿಯರನ್ನು ಹೊಗಳುವುದರಿಂದ ಸಿದ್ಧಿಸುವುದಿಲ್ಲ. ಬದುಕಿರುವ ದುಡಿಮೆಗಾರನಿಗೆ ದಾರಿ ಬಿಡುವುದರಿಂದ ಸಿದ್ಧಿಸುತ್ತದೆ.

2021ರಲ್ಲಿ ನಮ್ಮ ಪಾರ್ಲಿಮೆಂಟು ಈ ಚಿಕಿತ್ಸೆಯನ್ನು ನಿಯಂತ್ರಿಸುವ ಕಾನೂನೊಂದನ್ನು ಮಾಡಿದೆ. ಮಂಡಲಿಗಳೂ ಸಮಿತಿಗಳೂ ಪರವಾನಗಿಗಳೂ ಬಂದಿವೆ. ರೋಗಿಗಳ ರಕ್ಷಣೆಗೆ ಅವು ಬೇಕೇ ಬೇಕು. ಹಣದಾಸೆಗೆ ಬಿದ್ದವರನ್ನು ಹಿಡಿತದಲ್ಲಿಡಬೇಕಾದುದು ಸರಕಾರದ ಕರ್ತವ್ಯ. ಆದರೆ ಸಮಿತಿಯಲ್ಲಿ ಕುಳಿತುಕೊಳ್ಳುವ ಪ್ರತಿಯೊಬ್ಬರೂ 1978ರ ನವೆಂಬರನ್ನು ಒಮ್ಮೆ ನೆನೆಯಬೇಕೆಂದು ನಾವು ಅಪೇಕ್ಷಿಸುತ್ತೇವೆ. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರು. ಅವರ ಮೇಜಿನ ಮೇಲೆ ರಜೆಯ ಅರ್ಜಿ, ಪ್ರಯಾಣದ ಅನುಮತಿ, ವರ್ಗದ ಆಜ್ಞೆ ದಿನವೂ ಬರುತ್ತವೆ. ಅವುಗಳಲ್ಲಿ ಯಾವುದೋ ಒಂದು ಹಾಳೆಯ ಹಿಂದೆ ಹತ್ತು ವರ್ಷಗಳ ತಪಸ್ಸು ಇರಬಹುದು. ತಮಗೆ ತಿಳಿಯದ ವಿಷಯವಾದರೆ ತಿಳಿದವರನ್ನು ಕೇಳಬೇಕು. ತಿಳಿದವರು ಊರಲ್ಲಿಲ್ಲದಿದ್ದರೆ, ಇರುವ ಊರಿಗೆ ಹೋಗಲು ಅರ್ಜಿದಾರನನ್ನು ಬಿಡಬೇಕು. ಇಷ್ಟು ಮಾಡುವುದಕ್ಕೆ ಬೊಕ್ಕಸದ ಒಂದು ಕಾಸೂ ಖರ್ಚಾಗುವುದಿಲ್ಲ. ಇಷ್ಟನ್ನು ಮಾಡದಿದ್ದುದರಿಂದ ನಾವು ಕಳೆದುಕೊಂಡದ್ದು ಡಾಕ್ಟರ್ ಸುಭಾಷ ಮುಖೋಪಾಧ್ಯಾಯರನ್ನು.